ಮನವಿ ಪತ್ರ ಅಲ್ಲಂದ್ರ ಮತ್ತೇನಂತ ಟೈಪ್ ಮಾಡ್ಲಿ?

ಝೆರಾಕ್ಸ್ ಅಕ್ಕ, ಶಹಾಪುರ ತಾಲೂಕು:

ಎಲ್ಲರಿಗೂ ಶರಣು ಶರಣಾರ್ಥಿ. ಪ್ರಶ್ನೆ ಸಣ್ಣದು, ಹೇಳೂದು ಉದ್ದ ಆಗ್ತದ. ಬ್ಯಾಸರ ಮಾಡ್ಕೋಬ್ಯಾಡ್ರಿ.

ಊರಾಗ ನಂದೊಂದು ಅಂಗಡಿ ಅದ. ಝೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೊ, ಕನ್ನಡ ಟೈಪಿಂಗ್. ಹನ್ನೊಂದು ವರ್ಷದಾಗ ಎಷ್ಟು ಮನವಿ ಪತ್ರ ಬಡಿದೀನೋ ದೇವರಿಗೇ ಗೊತ್ತು. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅನ್ನೂತನಕ ಬೆರಳು ತಮ್ಮಷ್ಟಕ್ಕ ತಾವೇ ಓಡ್ತಾವ, ನಾ ಆ ಕಡಿ ಗಿರಾಕಿ ಜೋಡಿ ಮಾತಾಡ್ಕೋತ ಇದ್ರೂ ನಡೀತದ. ಆದ್ರ ಹೋದ ಐತವಾರ ಸಂಜಿಕ ಊರವರು ಹತ್ತು ಹನ್ನೆರಡು ಮಂದಿ ಬಂದು ಕುಂತು ಒಂದು ಪತ್ರ ಬರಿಯವ್ವ ಅಂದ್ರು. ಅದಕ್ಕ ಮಾತ್ರ ಬೆರಳು ಏಳವಲ್ಲವು.

ಸಂಗತಿ ನೀರಿಂದು. ಮನೆ ಮನೆಗೆ ಗಂಗೆ ಅಂತ ನಳ ಕೂಡಿಸಿ ಎರಡು ವರ್ಷ ಆತು. ನಮ್ಮ ಮನಿ ಮುಂದಿನ ನಳದ ಕಂಬಕ್ಕ ಎಮ್ಮಿಕರ ಕಟ್ತೀವಿ. ಕಂಬ ಗಟ್ಟಿ ಅದ, ಅಷ್ಟಕ್ಕಾದ್ರೂ ಬಂತು. ಶುದ್ಧ ನೀರಿನ ಘಟಕ 5 ರೂಪಾಯಿ ಕಾಯಿನ್ ಹಾಕಿದ್ರ 20 ಲೀಟರ್ ಕೊಡ್ತಿತ್ತು. ಹೋದ ದೀಪಾವಳಿಗೆ ಕೆಟ್ಟಿದ್ದು ಇನ್ನೂ ಹಂಗೇ ಅದ, ಕಾಯಿನ್ ನುಂಗೂದು ಮಾತ್ರ ಮರ್ತಿಲ್ಲ. ಬೋರಿನ ನೀರು ಸವಳು, ಬ್ಯಾಳಿ ಬೇಯಂಗಿಲ್ಲ. ತೊಗರಿ ಬೆಳಿಯೋ ನಾಡಿನಾಗ ಬ್ಯಾಳಿ ಬೇಯಂಗಿಲ್ಲ ಅಂದ್ರ ಹ್ಯಾಂಗಿರ್ತದ ನೀವೇ ಹೇಳ್ರಿ. ಐದು ಸಲ ಮನವಿ ಕೊಟ್ಟೀವಿ. ಐದೂ ನಾನೇ ಟೈಪ್ ಮಾಡಿದ್ದು, ಐದಕ್ಕೂ ಸ್ವೀಕೃತಿ ಸಿಕ್ಕದ, ಫೈಲ್ ನನ್ನ ಹತ್ರನೇ ಅದ.

ಈಗ ಊರವರು ಪಂಚಾಯ್ತಿಗೆ ಟ್ಯಾಕ್ಸ್ ಕಟ್ಟೂದು ಬ್ಯಾಡ ಅಂತ ಕುಂತಾರ. ಕಟ್ಟಬಾರದು ಅನ್ನೂದಕ್ಕ ಎಲ್ಲರೂ ಒಂದೇ, ಹ್ಯಾಂಗ ಕಟ್ಟಬಾರದು ಅನ್ನೂದಕ್ಕ ಮೂರು ಪಾರ್ಟಿ. ಹುಡುಗೂರು ಅಂತಾರ, ಕಚೇರಿಗೆ ಬೀಗ ಜಡ್ಯೂಣು. ದೊಡ್ಡವರು ಅಂತಾರ, ಸುಮ್ಮ ಕಟ್ಟದೇ ಇದ್ರಾತು, ಡಂಗುರ ಹೊಡಿಯೂದ್ಯಾಕ. ನಮ್ಮ ಸೋದರಮಾವ ಒಬ್ರದಾರ, ಅವರದೊಂದೇ ಹಟ: ಕಟ್ಟಂಗಿಲ್ಲ ಅಂತ ಬರದು, ತೆಳಗ ಎಲ್ಲರೂ ಹೆಸರು, ಮನಿ ನಂಬರ್ ಹಾಕಿ, ಸಹಿ ಮಾಡಿ ಕೊಡಬೇಕು. ಬಂದು ಏನು ಮಾಡ್ತಾರೋ ಮಾಡ್ಲಿ ಅಂತ.

ಖರೇ ಹೇಳಬೇಕಂದ್ರ, ಯಾವ ಚಳವಳಿ ಮಾಡದೇನೇ ನಮ್ಮ ಅರ್ಧ ಊರು ಮೂರು ವರ್ಷದ ಬಾಕಿ ಉಳಿಸ್ಕೊಂಡದ. ಅದಕ್ಕೇ ನನ್ನ ತಲಿ ತಿರಗ್ಲಾಕತ್ತದ. ಸುಮ್ಮ ಕಟ್ಟದೇ ಇರೂದು, ಹೇಳಿ ಕಟ್ಟದೇ ಇರೂದು, ಎರಡರಾಗೂ ರೊಕ್ಕ ಅಂತೂ ಕಟ್ಟಂಗಿಲ್ಲ. ಮತ್ತ ಫರಕ್ ಏನು? ಕೆಎಎಸ್ ಓದೋ ಹುಡುಗ ಒಬ್ಬ ಬಂದು, ಅಮೆರಿಕಾದಾಗ ಥೋರೋ ಅನ್ನೋನು ಟ್ಯಾಕ್ಸ್ ಕಟ್ಟದೇ ಒಂದು ರಾತ್ರಿ ಜೇಲಿನಾಗ ಇದ್ದ, ಅದೇ ಕಾನೂನುಭಂಗ ಅಂದ. ಸಾಲ್ಯಾಗ ನಾವೂ ಓದೀವಿ, ಎರಡು ಮಾರ್ಕಿನ ಪ್ರಶ್ನೆ. ಎರಡು ಮಾರ್ಕಿನ ಉತ್ರ ಇಟ್ಕೊಂಡು ಊರ ಮಂದಿ ಸಹಿ ಹಾಕ್ಸೂದು ಸರಿ ಅನ್ನಸಂಗಿಲ್ಲ.

ಇನ್ನೊಂದು, ಇದು ನನ್ನ ಧಂದೆದ್ದು. ಆ ಪತ್ರದಾಗ "ವಿನಂತಿಸಿಕೊಳ್ಳುತ್ತೇವೆ" ಅಂತ ಬರಬಾರದು ಅಂತಾರ ನಮ್ಮ ಮಾವ. ವಿನಂತಿ ಇಲ್ಲದ ಪತ್ರ ನಾ ಇವತ್ತಿನತನಕ ಟೈಪ್ ಮಾಡಿಲ್ಲ. ಹ್ಯಾಂಗ ಬರೀತಾರ ಅದನ್ನ?

—

ನಿವೃತ್ತ ಸಾಲಿ ಮಾಸ್ತರ, ಕಲಬುರಗಿ:

ತಂಗಿ, ಮೊದಲು ನಿನ್ನ ಕೊನೀ ಪ್ರಶ್ನೆಗೆ ಬರ್ತೀನಿ, ಅದೇ ಖರೇ ಪ್ರಶ್ನೆ.

ವಿನಂತಿ ಇಲ್ಲದ ಪತ್ರ 1930ರ ಮಾರ್ಚ್ 2ಕ್ಕ ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಬರೆದರು. ಒಕ್ಕಣೆ "ಪ್ರಿಯ ಮಿತ್ರರೇ" ಅಂತ. ಅದನ್ನ ಮುಟ್ಟಿಸಲಿಕ್ಕೆ ಕಳಿಸಿದ್ದು ರೆಜಿನಾಲ್ಡ್ ರೆನಾಲ್ಡ್ಸ್ ಅನ್ನೋ ಇಂಗ್ಲಿಷ್ ಹುಡುಗನ್ನ, ಅಂದ್ರ ಜಗಳ ಇಂಗ್ಲಿಷರ ಜೋಡಿ ಅಲ್ಲ ಅಂತ ಪತ್ರದ ಹೊರಗೂ ಹೇಳಿದಂಗಾತು. ಒಳಗೆ ಏನಿತ್ತು? ವೈಸರಾಯ್‌ ಪಗಾರ ತಿಂಗಳಿಗೆ 21,000 ರೂಪಾಯಿ, ಅಂದ್ರ ದಿನಕ್ಕ 700ರ ಮ್ಯಾಲೆ, ನಮ್ಮ ದೇಶದವನ ಸರಾಸರಿ ಗಳಿಕಿ ದಿನಕ್ಕ ಎರಡಾಣೆಗಿಂತ ಕಡಿಮಿ ಅನ್ನೋ ಲೆಕ್ಕ ಇತ್ತು. ಉಪ್ಪಿನ ಕರ ಬಡವನಿಗೆ ಎಷ್ಟು ಭಾರ ಅನ್ನೋದಿತ್ತು. ಆಮ್ಯಾಲೆ, ಇಂಥಾ ದಿನದೊಳಗ ನೀವೇನೂ ಮಾಡದಿದ್ರ ನಾನು ಉಪ್ಪಿನ ಕಾಯ್ದೆ ಮುರೀತೀನಿ ಅಂತ ತಾರೀಖು ಸಮೇತ ಇತ್ತು. ಮಾರ್ಚ್ 12ಕ್ಕ 78 ಜನರ ಜೋಡಿ ಸಾಬರಮತಿ ಬಿಟ್ಟು ಹೊಂಟೇ ಬಿಟ್ರು. ಕಳ್ಳ ತಾರೀಖು ಹೇಳಿ ಬರ್ತಾನೇನು? ನೀ ಕೇಳಿದ ಫರಕ್ ಅಲ್ಲೇ ಅದ.

ಅದಕ್ಕಿಂತ ಹಿಂದಿನದೊಂದು ನನಗೆ ಇನ್ನೂ ಸೇರ್ತದ. ಹೈಸ್ಕೂಲಿನಾಗ ಪಾಠ ಮಾಡುವಾಗ ಹುಡುಗರನ್ನೇ ಎಬ್ಬಿಸಿ ನಾಟಕ ಆಡಿಸ್ತಿದ್ದೆ. 1917ರ ಏಪ್ರಿಲ್ 18, ಬಿಹಾರದ ಮೋತಿಹಾರಿ ಕೋರ್ಟು. ಚಂಪಾರಣ್ಯ ಬಿಟ್ಟು ಹೋಗು ಅನ್ನೋ ಹುಕುಂ ಗಾಂಧಿ ಮುರಿದಾರ. ಸರ್ಕಾರದ ವಕೀಲ ಪುಸ್ತಕ ಹೊತ್ಕೊಂಡು ವಾದಕ್ಕ ತಯಾರಾಗಿ ಬಂದಾನ. ಇವರು ಎದ್ದು ನಿಂತು, ಹೌದು, ಹುಕುಂ ಮುರಿದೀನಿ, ಗುನ್ಹೆ ಕಬೂಲ್, ಯಾಕ ಮುರಿದೆ ಅನ್ನೋದು ಇಷ್ಟು, ಶಿಕ್ಷೆ ಕೊಡ್ರಿ ಅಂದ್ರು. ಮ್ಯಾಜಿಸ್ಟ್ರೇಟಿಗೇ ದಿಕ್ಕು ತೋಚಲಿಲ್ಲ, ತೀರ್ಪು ಮುಂದಕ್ಕ ಹಾಕಿದ. ನಾಲ್ಕಾರು ದಿನದಾಗ ಸರ್ಕಾರವೇ ಕೇಸು ವಾಪಸ್ ತಗೊಂತು. ಮ್ಯಾಜಿಸ್ಟ್ರೇಟ್ ಪಾತ್ರಕ್ಕ ನಾ ಯಾವಾಗಲೂ ಕ್ಲಾಸಿನಾಗಿನ ಭಾಳ ಮಾತಾಡೋ ಹುಡುಗನ್ನ ಆರಿಸ್ತಿದ್ದೆ, ಅವನೂ ಅಲ್ಲಿಗೆ ಬಂದು ಸುಮ್ಮನಾಗಿಬಿಡ್ತಿದ್ದ.

ಇನ್ನ ಥೋರೋ. ಆ ಕೆಎಎಸ್ ಹುಡುಗ ಹೇಳಿದ್ದು ಸರಿ, ಆದ್ರ ಅರ್ಧ. ಊರು ಕಾಂಕರ್ಡ್, 1846ರ ಜುಲೈ. ಗುಲಾಮಗಿರಿ ನಡೆಸೋ, ಮೆಕ್ಸಿಕೋ ಮ್ಯಾಲೆ ಯುದ್ಧಕ್ಕ ಹೋಗೋ ಸರ್ಕಾರಕ್ಕ ನಾ ತಲೆಗಂದಾಯ ಕೊಡಲ್ಲ ಅಂತ ಅವನು ವರ್ಷಗಟ್ಟಲೆ ಕಟ್ಟಿರಲಿಲ್ಲ. ವಸೂಲಿ ಮಾಡೋನು ಸ್ಯಾಮ್ ಸ್ಟೇಪಲ್ಸ್ ಅಂತ ಊರವನೇ, ಜೇಲಿನ ಕೀಲಿಯೂ ಅವನ ಹತ್ರನೇ. ನಿನಗೆ ಕಷ್ಟ ಇದ್ರ ನಾನೇ ಕಟ್ತೀನಿ ಬಿಡಪ ಅಂದಿದ್ದನಂತ. ಇವನು ಬ್ಯಾಡ ಅಂದ, ಒಳಗ ಹೋದ. ಆ ರಾತ್ರಿನೇ ಯಾರೋ ಬಂದು ರೊಕ್ಕ ಕಟ್ಟಿಬಿಟ್ರು, ಸೋದರತ್ತೆ ಅಂತ ಹೇಳ್ತಾರ. ಬೆಳಿಗ್ಗೆ ಹೊರಗ ಹೋಗು ಅಂದ್ರ ಇವನಿಗೆ ಸಿಟ್ಟು ಬಂತಂತ. ನಮ್ಮ ಅತ್ತಿಯರೂ ಹಂಗೇ ಮಾಡ್ತಿದ್ರು. ಆದ್ರ ಪಾಠಪುಸ್ತಕದಾಗ ಬರದೇ ಇರೋ ಮಾತು ಇದು: 1849ರಾಗ ಅಚ್ಚಾದ ತನ್ನ ಪ್ರಬಂಧದಾಗ ಅವನೇ ಬರೀತಾನ, ರಸ್ತೆ ತೆರಿಗೆ ಕಟ್ಟಲಿಕ್ಕೆ ನಾ ಯಾವತ್ತೂ ಹಿಂದ ಸರಿದಿಲ್ಲ ಅಂತ. ನೆರೆಮನಿಯವರ ಜೋಡಿ ಛಲೋ ಇರಬೇಕು ಅನ್ನೋನು ಅವನು. ಯಾವ ರೊಕ್ಕ ತಡೀಬೇಕು, ಯಾವುದು ತಡೀಬಾರದು ಅಂತ ಆರಿಸಿ ತಡೆದವನು. ನಿಮ್ಮೂರವರು ಅದನ್ನ ವಿಚಾರ ಮಾಡ್ಯಾರೋ ಇಲ್ಲೋ?

ಹೆಸರು ಬರೀಬೇಕೋ ಬ್ಯಾಡೋ ಅನ್ನೋದಕ್ಕ ನಮ್ಮ ಮನೀದೊಂದು ಮಾತು ಹೇಳ್ತೀನಿ. ನಿಜಾಮನ ಕಾಲಕ್ಕ, 1947ರಾಗ, ನಮ್ಮ ಮುತ್ಯಾ ಸಿಂದಿ ಗಿಡ ಕಡಿಲಾಕ ಹೋಗ್ತಿದ್ದ. ಸಿಂದಿ ಅಬಕಾರಿ ಅಂದ್ರ ಸರ್ಕಾರದ ದೊಡ್ಡ ಗಳಿಕಿ, ಗಿಡ ಬಿದ್ರ ಗಳಿಕಿ ಬೀಳ್ತಿತ್ತು. ಲೇವಿ ಜ್ವಾಳ ಕೊಡಂಗಿಲ್ಲ, ಕರೋಡಗಿರಿ ನಾಕಾಕ್ಕ ಸುಂಕ ಕಟ್ಟಂಗಿಲ್ಲ ಅನ್ನೋದೂ ಆವಾಗಿನದೇ. ಮುತ್ಯಾ ಹೋಗ್ತಿದ್ದದ್ದು ರಾತ್ರಿ. ಮಾರಿಗೆ ಟವೆಲ್ ಕಟ್ಕೊಂಡು. ಅದೇ ವರ್ಷ ಆಗಸ್ಟ್ 15ಕ್ಕ ಸ್ವಾಮಿ ರಾಮಾನಂದ ತೀರ್ಥರು ಹೈದರಾಬಾದಿನಾಗ ಬಹಿರಂಗವಾಗಿ ತ್ರಿವರ್ಣ ಧ್ವಜ ಹಾರಿಸಿ ಜೇಲಿಗೆ ಹೋದ್ರು. 1938ರ ಅಕ್ಟೋಬರಿನಾಗ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನವರು ಸಣ್ಣ ಸಣ್ಣ ತುಕಡಿ ಮಾಡ್ಕೊಂಡು ಬಹಿರಂಗ ಸತ್ಯಾಗ್ರಹ ಮಾಡಿದ್ರು. ಮುತ್ಯಾಂದು ಪುಸ್ತಕದ ಲೆಕ್ಕದಾಗ ಸತ್ಯಾಗ್ರಹ ಅಲ್ಲ. ಆದ್ರ ನಿಜಾಮನ ಪರ ದಂಡು ಕಟ್ಟಿದ್ದ ರಜಾಕಾರರ ಕಾಲದಾಗ ಹಳ್ಳಿ ಮನಿಷ್ಯ ಹೆಸರು ಹೇಳಿದ್ರ ಕೋರ್ಟಿಗೆ ಹೋಗ್ತಿರಲಿಲ್ಲ, ಮನಿ ಸುಡ್ತಿತ್ತು. ಗಡಿ ಶಿಬಿರದಾಗ ಬಂದೂಕು ಹಿಡಿದವರೂ ನಮ್ಮವರೇ ಅದಾರ. ನಾ ಮುತ್ಯಾನ್ನ ಅಳುಬುರುಕ ಅನ್ನಲಾರೆ. ಇವತ್ತು ನಿಮ್ಮನ್ನ ಕರಿಯೋದು ಹೆಚ್ಚಂದ್ರ ಠಾಣೆಗೆ ಇಲ್ಲ ತಹಶೀಲಿಗೆ. ಅದಕ್ಕ ನಿಮ್ಮ ಮಾವ ಹೇಳಿದ್ದು ನನಗೆ ಸರಿ ಕಾಣ್ತದ.

—

ಭೀಮಾ ದಂಡಿ ಹುಡುಗ:

ಅಕ್ಕಾ ಬೀಗ ಜಡೀರಿ. ಎರಡು ತಾಸಿನಾಗ ಟಿವಿಯವರು ಬರ್ತಾರ. ಪತ್ರ ನೋಡ್ಲಾಕ ಯಾರು ಬರ್ತಾರ.

—

ಝೆರಾಕ್ಸ್ ಅಕ್ಕ:

ಟಿವಿಯವರು ಕೊಡ ತುಂಬಿಸ್ಕೊಂಡು ಬರ್ತಾರೇನಪ? ಹೋದ ವರ್ಷ ಬಾಜೂ ಊರಾಗ ಬಂದಿದ್ರು, ನಮ್ಮ ಅಂಗಡ್ಯಾಗೇ ಫೋನ್ ಚಾರ್ಜ್ ಮಾಡ್ಕೊಂಡು ಹೋದ್ರು.

ಮಾಸ್ತರ್ರೇ, ರಸ್ತೆ ತೆರಿಗೆ ಮಾತು ತಲ್ಯಾಗ ಕುಂತದ. ಮನಿ ಪಟ್ಟಿ ರಸೀದಿ ತೆಗೆದು ನೋಡಿದೆ. ಮನಿ ಕರ, ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಒಂದೊಂದೇ ಅವ. ನೀರಿನ ಕರ ಬ್ಯಾರೆ. ಇಷ್ಟು ವರ್ಷ ಝೆರಾಕ್ಸ್ ಮಾಡೀನಿ, ಓದಿರಲಿಲ್ಲ.

—

ಕರಿ ಕೋಟು, ಬೀದರ:

ಅಕ್ಕಾವರೇ, ಮೂವತ್ತು ವರ್ಷದಿಂದ ಕೋರ್ಟಿನಾಗ ಇದ್ದೀನಿ, ಇಂಥ ಕೇಸುಗಳು ನನ್ನ ಕಡೆ ಬರ್ತಾವ. ಭಾವನೆ ಮಾತು ಮಾಸ್ತರು ಹೇಳ್ಯಾರ, ನಾನು ಸೆಕ್ಷನ್ ಹೇಳ್ತೀನಿ.

ತೆರಿಗೆ ಬಾಕಿ ಇಟ್ಟರೆ ಅದು ಬಾಕಿ. ಪಂಚಾಯ್ತಿ ನೋಟಿಸ್ ಕೊಡಬಹುದು, ವಸೂಲಿಗೆ ಕ್ರಮ ತಗೋಬಹುದು. ಅದಕ್ಕಾಗಿ ಯಾರೂ ಬಂದು ಬೇಡಿ ಹಾಕೋದಿಲ್ಲ. ಊರಲ್ಲಿ ನಿಜವಾದ ತೊಂದರೆ ಬರೋದು ಫಾರಂ 9, 11ಎ, ಅಂದ್ರ ಪಂಚಾಯ್ತಿ ಕೊಡೋ ಆಸ್ತಿ ದಾಖಲೆ, ಬೇಕಾದಾಗ. ಮಗಳ ಮದುವೆಗೆ ಅಂತ ಜಾಗ ಮಾರಲಿಕ್ಕೆ ಹೋದವನಿಗೆ ಮೊದಲು ಬಾಕಿ ತುಂಬಿ ಬಾ ಅಂತಾರ. ಸಹಿ ಹಾಕೋ ಮುಂಚೆ ಎಲ್ಲರಿಗೂ ಇದನ್ನ ಹೇಳಿರಿ. ಗೊತ್ತಿಲ್ಲದೆ ಹಾಕಿದ ಸಹಿ ನಾಳೆ ನಿಮ್ಮ ಅಂಗಡಿ ಮುಂದೆನೇ ಬಂದು ಕೂತ್ಕೊಳ್ತದ.

ಬೀಗದ ಕಥೆ ಬೇರೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದದ. ನೌಕರನ ಕೆಲಸಕ್ಕೆ ಅಡ್ಡಿ ಅಂದ್ರ 221, ಮೂರು ತಿಂಗಳವರೆಗೆ ಶಿಕ್ಷೆ. ಬೀಗ ಹಾಕುವಾಗ ಯಾರೋ ಒಬ್ಬ ಹುಡುಗ ಸಿಬ್ಬಂದಿ ಅಂಗಿ ಹಿಡಿದ ಅನ್ನಿರಿ, ಅಲ್ಲಿಗೆ 132. ಹಿಂದೆ 353 ಅಂತಿದ್ದರಲ್ಲ, ಅದೇ. ಎರಡು ವರ್ಷದವರೆಗೆ. ರಸ್ತಾರೋಕೋ ಮಾಡಿದರೆ 126. ನಿಷೇಧಾಜ್ಞೆ ಇದ್ದಾಗ ಸೇರಿದರೆ 223. ಜನ ಇನ್ನೂ 144 ಅಂತಾರ, ಈಗ ಅದರ ನಂಬರ್ ನಾಗರಿಕ ಸುರಕ್ಷಾ ಸಂಹಿತೆಯ 163. ಉಪವಾಸ ಕೂಡ್ತೀವಿ ಅನ್ನೋರಿಗೂ ಒಂದು ಮಾತು: ಸರ್ಕಾರಿ ನೌಕರನ್ನ ಒತ್ತಾಯಿಸಲಿಕ್ಕೆ ಆತ್ಮಹತ್ಯೆಗೆ ಯತ್ನಿಸಿದರೆ 226 ಅಂತ ಹೊಸದೊಂದು ಬಂದದ. ಸರದಿ ಉಪವಾಸಕ್ಕೆ ಅದು ಹತ್ತೋದಿಲ್ಲ ಅಂತ ನಾನು ವಾದ ಮಾಡ್ತೀನಿ. ಆದರೂ ಆಮರಣಾಂತ ಅನ್ನೋ ಶಬ್ದ ಪತ್ರದಲ್ಲಿ ಬರೀಬ್ಯಾಡ್ರಿ.

ಮಾಸ್ತರು ಹೇಳಿದ ಮೋತಿಹಾರಿ ನಾಟಕ ಭಾಳ ಚಂದ. ಆದರೆ ಇವತ್ತು ಗುನ್ಹೆ ಕಬೂಲ್ ಅಂದರೆ ಮ್ಯಾಜಿಸ್ಟ್ರೇಟ್ ಸಾಹೇಬರು ತಲೆ ಕೆಡಿಸ್ಕೊಳ್ಳೋದಿಲ್ಲ. ಜುಲ್ಮಾನೆ ಬರೆದು ಮುಂದಿನ ಕೇಸ್ ಕರೀತಾರ. ಆ ಜುಲ್ಮಾನೆ ಕಟ್ಟಿದ ಹುಡುಗ ನಾಳೆ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಪಾಸಾದಾಗ ವೆರಿಫಿಕೇಶನ್ ಫಾರಂನಲ್ಲಿ ಶಿಕ್ಷೆ ಆಗಿದೆಯೇ, ಕೇಸು ಇದೆಯೇ ಅನ್ನೋ ಕಾಲಂ ಬರ್ತದ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ಮೀಸಲಾತಿ ಬಂದ ಮೇಲೆ ನಮ್ಮ ಕಡೆ ಮನೆಗೊಬ್ಬ ಓದ್ಲಾಕತ್ತಾನ. ಅವರ ಹೆಸರು ಪಟ್ಟಿಯಿಂದ ಬಿಡಿರಿ. ರಸ್ತಾರೋಕೋ ಮಾಡಿದ ನನ್ನ ಒಬ್ಬ ಕಕ್ಷಿದಾರ ಆರು ವರ್ಷದಿಂದ ತಾರೀಖಿಗೆ ಬರ್ಲಾಕತ್ತಾನ. ಬಸ್ ಚಾರ್ಜು, ಚಹಾ, ಒಂದು ದಿನದ ಕೂಲಿ. ಶಿಕ್ಷೆ ಆಗಿದ್ರ ಎಂದೋ ಮುಗೀತಿತ್ತು ಸಾಹೇಬ್ರ ಅಂತಾನ.

—

ನೀಲಿ ಶಾಯಿ, ಚಿತ್ತಾಪುರ:

ಎಲ್ಲರೂ ಗಾಂಧಿ, ಥೋರೋ ಅಂತೀರಿ. ನೀರಿನ ಸತ್ಯಾಗ್ರಹ ಅಂದ್ರ ಮೊದಲು ನೆನಪಾಗಬೇಕಿದ್ದು ಮಹಾರಾಷ್ಟ್ರದ ಮಹಾಡ. ನೆನಪಾಗಲಿಲ್ಲ, ಯಾಕಂತ ನನಗೆ ಗೊತ್ತದ, ಹೋಗ್ಲಿ.

1927ರ ಮಾರ್ಚ್ 20. ಬಾಬಾಸಾಹೇಬರು ಸಾವಿರಾರು ಜನರ ಜೋಡಿ ಚವದಾರ ಕೆರೆಗೆ ಇಳಿದು ನೀರು ಕುಡಿದರು. ಅವರು ಅವತ್ತು ಯಾವ ಕಾನೂನನ್ನೂ ಮುರೀಲಿಲ್ಲ. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಮುಕ್ತ ಅಂತ 1923ರಾಗೇ ಮುಂಬೈ ವಿಧಾನ ಪರಿಷತ್ತಿನಾಗ ಬೋಲೆ ಅವರ ಠರಾವು ಪಾಸಾಗಿತ್ತು. ಮಹಾಡ ಮುನಿಸಿಪಾಲಿಟಿನೂ ಒಪ್ಪಿ ಬರೆದಿತ್ತು. ಕಾಗದದ ಮ್ಯಾಲೆ ನೀರು ನಮ್ಮದೇ ಇತ್ತು. ಕುಡಿಲಿಕ್ಕೆ ಬಿಡ್ತಿರಲಿಲ್ಲ ಅಷ್ಟೇ. ಕುಡಿದು ವಾಪಸ್ ಹೋಗುವಾಗ ಹೊಡೆದ್ರು. ಡಿಸೆಂಬರಿನಾಗ ಮತ್ತ ಸೇರಿದಾಗ ಕೋರ್ಟಿನ ತಡೆಯಾಜ್ಞೆ ಇತ್ತು, ಬಾಬಾಸಾಹೇಬರು ಅದನ್ನ ಮುರೀಲಿಲ್ಲ, ಕೆರೆಗೆ ಹೋಗದೇ ಮನುಸ್ಮೃತಿ ಸುಟ್ಟರು. ಕೇಸು ಹತ್ತು ವರ್ಷ ನಡೆದು 1937ಕ್ಕೆ ಮುಂಬೈ ಹೈಕೋರ್ಟಿನಾಗ ನಮ್ಮ ಕಡೆ ಆತು. ಅಂದ್ರ ಒಂದು ಕಾನೂನು ಮುರಿಯೂದು ಬ್ಯಾರೆ, ಇರೋ ಕಾನೂನನ್ನ ಪಾಲಿಸ್ರೋ ಅಂತ ಮೈಮ್ಯಾಲೆ ತಗೊಳ್ಳೂದು ಬ್ಯಾರೆ. ನಿಮ್ಮೂರಿಂದು ಎರಡನೇದು ಅಂತ ನನಗನಸ್ತದ. ನಳ ಹಾಕಿ ನೀರು ಕೊಡದವರು ತಪ್ಪಿತಸ್ಥರು. ನೀವ್ಯಾಕ ನಾವು ಕಾನೂನು ಮುರೀತೀವಿ ಅಂತ ಡಂಗುರ ಹೊಡೀತೀರಿ?

ಇನ್ನೊಂದು. 1949ರ ನವೆಂಬರ್ 25ಕ್ಕ ಸಂವಿಧಾನ ಸಭೆಯ ಭಾಷಣದಾಗ ಅದೇ ಬಾಬಾಸಾಹೇಬರು, ಸಂವಿಧಾನದ ದಾರಿ ತೆರೆದಿರುವಾಗ ಕಾನೂನುಭಂಗ, ಅಸಹಕಾರ, ಸತ್ಯಾಗ್ರಹ ಬಿಡಬೇಕು, ಅದು ಅರಾಜಕತೆಯ ವ್ಯಾಕರಣ ಅಂದ್ರು. ಮಹಾಡ ಮಾಡಿದವರೇ ಹೇಳಿದ ಮಾತು. ನಾ ಅದನ್ನ ಪೂರಾ ಒಪ್ತೀನಿ ಅಂತಲ್ಲ, ಐದು ಸ್ವೀಕೃತಿ ಇಟ್ಕೊಂಡು ಕುಂತವರಿಗೆ ದಾರಿ ತೆರೆದದ ಅಂತ ಹೇಳೂದು ಕಷ್ಟ. ಆದ್ರ ಗ್ರಾಮಸಭೆ, ಜಿಲ್ಲಾ ಪಂಚಾಯ್ತಿ, ಮಾಹಿತಿ ಹಕ್ಕು, ಲೋಕಾಯುಕ್ತ ಎಲ್ಲಾ ತಟ್ಟಿದ್ದೀರೋ ಅಂತ ಕೇಳಲಿಕ್ಕೆ ಆ ಮಾತು ಬೇಕು.

ಕೊನೆಗೆ, ಅಕ್ಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ನಳ ಒಣಗಿ ಎರಡು ವರ್ಷ ಅಂತೀರಿ. ನಮ್ಮಂಥ ಓಣಿಗೆ ಪೈಪು ಬರೂದೇ ಎಲ್ಲಕ್ಕಿಂತ ಕೊನೆಗೆ. ಪೊಲೀಸರು ಬರ್ತಾರ ಅಂದಾಗ ಮಾತ್ರ ಪಟ್ಟಿಯಾಗ ನಮ್ಮ ಹೆಸರು ಎಲ್ಲಕ್ಕಿಂತ ಮೊದಲು ಬರೀತಾರ. ನಿಮ್ಮ ಪತ್ರದಾಗ ಯಾರ ಹೆಸರು ಮ್ಯಾಲೆ ಇರ್ತದ?

—

ಝೆರಾಕ್ಸ್ ಅಕ್ಕ:

ಸಿಟ್ಟು ಬರಲಿಲ್ಲ ಅಣ್ಣಾ, ನಾಚಿಕಿ ಬಂತು. ನಮ್ಮ ಮಾವನ ನೋಟ್‌ಬುಕ್ ತೆಗೆದು ನೋಡಿದೆ. ಪೆನ್ಸಿಲಿನಾಗ ಬರೆದ ಪಟ್ಟಿ ಅದ. ನೀವು ಹೇಳಿದಂಗೇ ಅದ.

ಮಾಹಿತಿ ಹಕ್ಕು ಹಾಕಿಲ್ಲ. ಅದನ್ನ ಇವತ್ತೇ ಟೈಪ್ ಮಾಡ್ತೀನಿ, 10 ರೂಪಾಯಿ ಪೋಸ್ಟಲ್ ಆರ್ಡರ್ ನಾನೇ ಹಾಕ್ತೀನಿ. ಅದರಾಗ ವಿನಂತಿ ಇರ್ಬಹುದಲ್ಲ.

—

ವಸೂಲಿ ಮಾಡೋನು, ಊರು ಕೇಳಬ್ಯಾಡ್ರಿ:

ನಾ ಒಂದು ಪಂಚಾಯ್ತಿ ಬಿಲ್ ಕಲೆಕ್ಟರ್. ಮೂರು ದಿನದಿಂದ ಓದ್ಲಾಕತ್ತೀನಿ, ಬರೀಲೋ ಬ್ಯಾಡೋ ಅಂತ. ಆ ಸ್ಟೇಪಲ್ಸ್ ಅನ್ನೋನ ಸುದ್ದಿ ಓದಿ ನಗು ಬಂತು. ನಾನೂ ಎರಡು ಮನಿದು ಕೈಯಿಂದ ಕಟ್ಟೀನಿ. ಟಾರ್ಗೆಟ್ ಮುಟ್ಟಲಿಲ್ಲಂದ್ರ ಮೀಟಿಂಗಿನಾಗ ನಿಲ್ಲಿಸಿ ಬೈತಾರ. ಬೈಯೂದಕ್ಕಿಂತ 600 ರೂಪಾಯಿ ಹೋದ್ರ ಹೋಗ್ಲಿ ಅಂತ.

ಅಕ್ಕಾ, ಊರವರು ಟ್ಯಾಕ್ಸ್ ನಿಲ್ಲಿಸಿದ್ರ ಇಂಜಿನಿಯರ್‌ಗೆ ಏನೂ ಆಗಂಗಿಲ್ಲ, ಗುತ್ತಿಗೆದಾರನ ಬಿಲ್ ಎಂದೋ ಆಗ್ಯದ. ಪೈಪಿನ ರೊಕ್ಕ ಬಂದದ್ದು ಮ್ಯಾಲಿಂದ, ನಿಮ್ಮ ಪಟ್ಟಿಯಿಂದಲ್ಲ. ನಿಮ್ಮ ಪಟ್ಟಿ ರೊಕ್ಕದಾಗ ಬೀದಿ ದೀಪದ ಬಲ್ಬು ಬರ್ತದ, ಬ್ಲೀಚಿಂಗ್ ಪುಡಿ ಬರ್ತದ, ಮಂಜೂರಾಗದ ಪೋಸ್ಟಿನ ನಮ್ಮಂಥವರ ಪಗಾರ ಬರ್ತದ. ನಮ್ಮ ಕಡಿ ನೀರಗಂಟಿಗೆ ಐದು ತಿಂಗಳದ್ದು ಬಾಕಿ ಅದ. ನೀವು ನಿಲ್ಲಿಸಿದ್ರ ಮೊದಲು ಸಾಯೋನು ಅವನೇ. ಅವನೂ ನಿಮ್ಮಂಗೇ ಕೊಡ ಹೊರೋನೇ.

ಅದಕ್ಕ ನನ್ನ ಮಾತು, ಮಾಸ್ತರ್ರು ಹೇಳಿದ್ದೇ. ಮನಿ ಪಟ್ಟಿ ತುಂಬ್ರಿ, ಹಳೀ ಬಾಕಿ ಸಮೇತ ತುಂಬ್ರಿ. ನೀರಿನ ಕರ ಮಾತ್ರ ನಿಲ್ಲಸ್ರಿ. ಬರದ ನೀರಿಗೆ ರೊಕ್ಕ ಕೇಳೂದು ನನಗೂ ನಾಚಿಕಿ, ಬಾಗಿಲಾಗ ನಿಂತು ಕೇಳೋನು ನಾನೇ. ಬಾಕಿ ಇಟ್ಟವರು ಎದ್ದು ನಿಂತು ಮಾತಾಡಿದ್ರ ನಮ್ಮ ಸಾಹೇಬರು ಒಂದೇ ಮಾತಿನಾಗ ಕೂಡಿಸ್ತಾರ: ಮೊದಲು ಬಾಕಿ ಕಟ್ಟು. ಪೂರಾ ಕಟ್ಟಿ ಒಂದನ್ನೇ ತಡೆದವರಿಗೆ ಏನಂತ ಅನ್ಬೇಕು ಅನ್ನೂದು ಅವರಿಗೆ ಯಾರೂ ಟ್ರೇನಿಂಗ್ ಕೊಟ್ಟಿಲ್ಲ.

ಮತ್ತ ತಡೆದ ರೊಕ್ಕ ಒಂದು ಕಡಿ ಕೂಡಿಸಿ ಇಡ್ರಿ. ಇಲ್ಲಂದ್ರ ಯುಗಾದಿಗೆ ಸೀರಿ ಆಗ್ತದ.

—

ಝೆರಾಕ್ಸ್ ಅಕ್ಕ (ಹತ್ತೊಂಬತ್ತು ದಿನದ ಮ್ಯಾಲೆ):

ಎಲ್ಲರೂ ಕೇಳ್ಲಾಕತ್ತೀರಿ, ಏನಾತು ಅಂತ. ಹೇಳ್ತೀನಿ.

ಹಳೀ ಬಾಕಿ ಕಟ್ಟಬೇಕು ಅಂದ ಕೂಡ್ಲೇ ಅರ್ಧ ಹೋರಾಟಗಾರರು ಎದ್ದು ಹೋದ್ರು. ಬೀಗ ಜಡೀತೀವಿ ಅಂದಿದ್ದ ಹುಡುಗೂರಾಗ ಇಬ್ಬರ ಮನೀದೇ ನಾಲ್ಕು ವರ್ಷದ್ದು ಬಾಕಿ. ನಮ್ಮ ಮನೀದೂ 1,140 ಇತ್ತು. ಯಾರಿಗೂ ಹೇಳಿರಲಿಲ್ಲ, ಹೋಗಿ ತುಂಬಿ ಬಂದೆ. ಬಾಯಿಮಾತಿಗೆ 63 ಮನಿ ಹ್ಞೂಂ ಅಂದಿದ್ವು, ಕಡಿಗೆ ಸಹಿ ಬಿದ್ದದ್ದು 38.

ತಡೆದ ನೀರಿನ ಕರ ಸ್ತ್ರೀಶಕ್ತಿ ಸಂಘದ ಪೆಟ್ಟಿಗ್ಯಾಗ ಇಡೂದು ಅಂತ ಆತು, ತಿಂಗಳಾ ತಿಂಗಳಾ ಹಾಕ್ತಾರ. ಗಂಡಸರ ಕೈಯಾಗ ಇಡೂದು ಬ್ಯಾಡ ಅಂದ್ರು ಹೆಣ್ಮಕ್ಕಳು, ಗಂಡಸರೂ ಜಗಳ ಮಾಡಲಿಲ್ಲ. ಓದೋ ಹುಡುಗೂರ ಹೆಸರು ತೆಗೆದೀವಿ, ಅವರವರ ಅವ್ವಂದಿರು ಸಹಿ ಮಾಡ್ಯಾರ. ವಕೀಲರು ಹೇಳಿದ್ದು ಪೂರಾ ಓದಿ ಹೇಳೀನಿ, ಫಾರಂ 9ರ ಮಾತು ಸಮೇತ. ಅದನ್ನ ಕೇಳಿ ನಾಲ್ಕು ಮನಿ ಹಿಂದ ಸರದ್ವು, ಸರೀಲಿ.

ನೀಲಿ ಶಾಯಿ ಅಣ್ಣಾ ಕೇಳಿದ ಪ್ರಶ್ನೆಗೆ ನನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದೆ. ಹೆಸರೆಲ್ಲಾ ಕಂಪ್ಯೂಟರಿಗೆ ಹಾಕಿ ಅಕಾರಾದಿ ಮಾಡಿದೆ. ಮೊದಲನೇ ಹೆಸರು ಊರಾಗಿನ ದೊಡ್ಡ ಮನಿಯವರದ್ದು ಬಂತು. ರಾತ್ರಿ ಒಂಬತ್ತಕ್ಕ ಫೋನ್. "ಯವ್ವಾ, ನಂದು ನಡಬರ್ಕ ಹಾಕಲಾಕ ಬರಲ್ಲೇನು?" ಬರಂಗಿಲ್ರಿ, ಕಂಪ್ಯೂಟರ್ ಹಂಗೇ ಮಾಡ್ತದ ಅಂದೆ. ಬೆಳಿಗ್ಗೆ ತಗದೇ ಬಿಡು ಅಂದ್ರು. ಹಂಗಾಗಿ ಎರಡನೇದು ಮ್ಯಾಲೆ ಬಂತು, ಹಿಂದಿನ ಓಣಿ ಆಯಿದು. ನನಗೆ ಅಳುಕು ಬಂತು, ಮತ್ತ ಅದೇ ಆತಲ್ಲ ಅಂತ. ಮನಿಗೆ ಹೋಗಿ ಕೇಳಿದೆ, ಆಯಿ, ಬ್ಯಾಡಾದ್ರ ಬ್ಯಾರೆ ಥರ ಬರೀತೀನಿ ಅಂತ. ಆಯಿ ಹೆಬ್ಬೆಟ್ಟಿಗೆ ಶಾಯಿ ಹಚ್ಕೋತನೇ, "ಇರ್ಲಿ ಬಿಡು. ರೇಷನ್‌ದಾಗ ಅಲ್ಲ, ಮನಿ ಪಟ್ಟ್ಯಾಗ ಅಲ್ಲ, ಎಂದೂ ನನ್ನ ಹೆಸರು ಮೊದ್ಲ ಬಂದಿಲ್ಲ" ಅಂದ್ಳು.

ಪತ್ರ ಹಿಂಗದ, ಬೇಕಾದವರು ನೋಡ್ಕೋರಿ:

"ಮಾನ್ಯರೇ, ಕೆಳಗೆ ಸಹಿ ಮಾಡಿದ ನಾವು 38 ಮನೆಯವರು ಈ ದಿನದವರೆಗಿನ ಮನೆ ಕರ ಪೂರ್ತಿ ಪಾವತಿಸಿದ್ದೇವೆ. ರಸೀದಿಗಳ ಪ್ರತಿ ಲಗತ್ತಿಸಿದೆ. ಮುಂದಿನ 1ನೇ ತಾರೀಖಿನಿಂದ ನೀರಿನ ಕರ ಪಾವತಿಸುವುದಿಲ್ಲ. ನಳದಲ್ಲಿ ನೀರು ಬಂದ ದಿನಗಳ ಪಟ್ಟಿ ಲಗತ್ತಿಸಿದೆ. ಆ ಹಣ ನಮ್ಮ ಸಂಘದಲ್ಲಿ ಜಮಾ ಆಗುತ್ತದೆ, ಸತತ ಒಂದು ತಿಂಗಳು ನೀರು ಬಂದ ದಿನ ಒಟ್ಟಿಗೆ ತುಂಬುತ್ತೇವೆ. ಇದಕ್ಕಾಗಿ ನಮ್ಮ ಮೇಲೆ ತೆಗೆದುಕೊಳ್ಳುವ ಕ್ರಮಕ್ಕೆ ನಾವು ಮನೆಯಲ್ಲೇ ಸಿಗುತ್ತೇವೆ."

ಕೊನೀ ಸಾಲು ನಮ್ಮ ಮಾವಂದು. ಟೈಪ್ ಮಾಡಿದ ಮ್ಯಾಲೆ ಹಳೀ ಅಭ್ಯಾಸಕ್ಕ ಬೆರಳು "ಎಂದು ತಮ್ಮಲ್ಲಿ ವಿನಂ" ತನಕ ಹೋಗೇ ಬಿಟ್ಟಿದ್ವು. ಅಳಿಸಿದೆ.

ಮೊನ್ನಿ ಸೋಮಾರ ಆಯಿ, ನಮ್ಮ ಮಾವ, ನಾನು, ಮತ್ತ ಎಂಟು ಮಂದಿ ಹೋಗಿ ಕೊಟ್ವಿ. ಸಾಹೇಬರು ಇರಲಿಲ್ಲ. ಆವಕ ಬರ್ಕೊಳ್ಳೋ ಹುಡುಗ ಎರಡು ಸಲ ಓದಿ, "ಅಕ್ಕಾ, ಇದರಾಗ ಬೇಡಿಕಿ ಏನದ? ವಿಷಯ ಕಾಲಂನಾಗ ಬರೀಬೇಕು" ಅಂದ. ಬೇಡಿಕಿ ಇಲ್ಲಪ, ತಿಳಿಸೂದದ ಅಂದೆ. ಪೆನ್ನು ಹಿಡ್ಕೊಂಡು ಕುಂತ. ಮನವಿ ಅಂತ ಬರೀಲೇನು ಅಂದ, ಬ್ಯಾಡ ಅಂದ್ವಿ. ದೂರು ಅಂದ, ಅದೂ ಅಲ್ಲ ಅಂದ್ವಿ. ಒಳಗ ಹೋಗಿ ಯಾರನ್ನೋ ಕೇಳಿ ಬಂದ. ಆಮ್ಯಾಲೆ ಸೀಲು ಹೊಡದು, ನಂಬರ್ ಹಾಕಿ, ವಿಷಯದ ಕಾಲಂನಾಗ "ಇತರೆ" ಅಂತ ಬರದ.